ಮೈದಾನದ ಗಾಳಿಸುದ್ದಿ

ಬೇಸಗೆಯಲ್ಲಿ ಕಲ್ಕತ್ತೆಯ ಮೈದಾನವನ್ನು ನೋಡಿದವರಿಗೆ ಅದು ಭಾರತದ ಕಾಲ್ಚೆಂಡಿನ ಕಾಶಿಯೆಂದು ಹೇಳಿದರೆ ನಂಬಿಕೆ ಬರುವುದು ಕಷ್ಟ. ಪೂರ್ವಕ್ಕೆ ಚೌರಂಗಿಯ ರಸ್ತೆ, ಪಶ್ಚಿಮಕ್ಕೆ ಹೂಗ್ಲಿಯ ದಂಡೆ. ನಡುವೆ ಕಣ್ಣು ಹರಿಯುವಷ್ಟು ದೂರ ಬಯಲು. ಹುಲ್ಲು ಬಿಸಿಲಿಗೆ ಕಂದಿರುತ್ತದೆ. ಆಡುಗಳು ಮೇಯುತ್ತಿರುತ್ತವೆ. ಮರದ ನೆರಳಿನಲ್ಲಿ ಯಾವನೋ ಒಬ್ಬ ಬಡಪಾಯಿ ಮುಖದ ಮೇಲೆ ವೃತ್ತಪತ್ರಿಕೆ ಹೊದ್ದು ನಿದ್ದೆ ಹೋಗಿರುತ್ತಾನೆ. ಚೆಂಡಿನ ಸದ್ದಿಲ್ಲ, ಸೀಟಿಯ ಕೂಗಿಲ್ಲ. ಆದರೂ ವರ್ಷದ ಮತ್ತಾವ ಕಾಲದಲ್ಲಿಯೂ ಇಲ್ಲದಷ್ಟು ಫುಟ್‌ಬಾಲು ಈ ಬಯಲಿನಲ್ಲಿ ನಡೆಯುತ್ತಿದ್ದುದು ಹಲವು ದಶಕಗಳ ಕಾಲ ಇಂಥ ದಿನಗಳಲ್ಲಿಯೇ. ಆಗಿನ ಆಟವೆಲ್ಲ ಕಾಲಿನದಲ್ಲ, ನಾಲಗೆಯದು.

ಬಂಗಾಳಿಗಳು ಈ ಕಾಲಕ್ಕೆ ಇಟ್ಟ ಹೆಸರು ‘ದಲ್‌ಬದಲ್’. ಕನ್ನಡಿಗರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದ ಲೀಗು ಆರಂಭವಾಗುವ ಮುನ್ನ ಆಟಗಾರರು ಒಂದು ಸಂಘವನ್ನು ಬಿಟ್ಟು ಮತ್ತೊಂದಕ್ಕೆ ಸೇರಿಕೊಳ್ಳಲು ಗೊತ್ತುಪಡಿಸಿದ ಕೆಲವು ದಿನಗಳ ಅವಧಿ ಅದು. ಯಾರು ಹೋಗುವರು, ಯಾರು ಬರುವರು, ಯಾರು ಹೋಗುವೆನೆಂದು ಹೆದರಿಸಿ ಹೆಚ್ಚು ಹಣ ಕಿತ್ತುಕೊಂಡು ಉಳಿಯುವರು ಎಂಬುದೇ ನಗರದ ಚರ್ಚೆ. ಕಚೇರಿಯ ಗುಮಾಸ್ತನು ಕಡತವನ್ನು ತೆರೆಯುವ ಮುನ್ನ ಇದನ್ನು ವಿಚಾರಿಸುವನು. ಮೀನು ಕೊಳ್ಳಲು ಹೋದವನು ಮೀನಿನ ಬೆಲೆಗಿಂತ ಮೊದಲು ಆಟಗಾರನ ಬೆಲೆ ಕೇಳುವನು.

ಈ ಕುತೂಹಲದ ಹಿಂದಿರುವ ನೋವನ್ನು ಅರಿಯಬೇಕಾದರೆ ಮೈದಾನದ ವೃತ್ತಾಂತವನ್ನು ಸ್ವಲ್ಪ ತಿಳಿಯಬೇಕು. ಪ್ಲಾಸಿ ಕದನದ ತರುವಾಯ ಇಂಗ್ಲಿಷರು ಹೊಸ ಫೋರ್ಟ್ ವಿಲಿಯಂ ಕೋಟೆಯನ್ನು ಕಟ್ಟಿದಾಗ, ಫಿರಂಗಿಯ ಗುಂಡಿಗೆ ಅಡ್ಡಿಯಾಗಬಾರದೆಂದು ಸುತ್ತಲಿನ ಕಾಡನ್ನು ಕಡಿಸಿ ಬಯಲು ಮಾಡಿದರು. ಅಂದಿನಿಂದ ಇಂದಿನವರೆಗೂ ಈ ನೆಲದ ಒಡೆತನ ಸೈನ್ಯದ್ದು. ಇಲ್ಲಿ ಕಾಯಂ ಕಟ್ಟಡಗಳಿಗೆ ಸುಲಭವಾಗಿ ಅಪ್ಪಣೆ ದೊರೆಯದು. ಆದುದರಿಂದಲೇ ದೇಶದಲ್ಲಿ ಮನೆಮಾತಾದ ಸಂಘಗಳ ನೆಲೆಗಳಿಗೂ ಇಲ್ಲಿ ‘ಟೆಂಟು’ ಎಂದೇ ಹೆಸರು. 1889ರಲ್ಲಿ ಹುಟ್ಟಿದ ಮೋಹನ್ ಬಗಾನ್, 1891ರ ಮೊಹಮ್ಮೆಡನ್ ಸ್ಪೋರ್ಟಿಂಗ್, 1920ರ ಈಸ್ಟ್ ಬೆಂಗಾಲ್ ಈ ಮೂರೂ ಒಂದಕ್ಕೊಂದು ಕೂಗಳತೆಯಲ್ಲಿವೆ. ಮನಸ್ಸು ಮಾಡಿದ ಆಟಗಾರನು ಒಂದು ಡೇರೆಯಿಂದ ಮತ್ತೊಂದಕ್ಕೆ ಕೆಲವೇ ನಿಮಿಷಗಳಲ್ಲಿ ನಡೆದು ಹೋಗಬಹುದು. ಆದರೆ ಅಭಿಮಾನಿಯ ಪಾಲಿಗೆ ಅದು ಪದ್ಮಾನದಿಯನ್ನು ದಾಟಿದಷ್ಟು ದೂರ.

ಪದ್ಮೆಯ ಮಾತು ಅಲಂಕಾರಕ್ಕೆ ಬಂದುದಲ್ಲ. ಮೋಹನ್ ಬಗಾನ್ ಪಶ್ಚಿಮ ಬಂಗಾಳದ ಮೂಲನಿವಾಸಿಗಳಾದ ‘ಘೋಟಿ’ಗಳ ಸಂಘ, 1911ರಲ್ಲಿ ಬರಿಗಾಲಿನಲ್ಲಿ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದ ಕೀರ್ತಿ ಅದರದು. ಈಸ್ಟ್ ಬೆಂಗಾಲ್ ಪೂರ್ವದಿಂದ ಬಂದ ‘ಬಾಂಗಾಲ್’ರ ಸಂಘ. ಜೋಡಾಬಗಾನ್ ತಂಡವು ಮೋಹನ್ ಬಗಾನಿನೆದುರು ಆಡುವಾಗ ಶೈಲೇಶ್ ಬೋಸ್ ಎಂಬ ಆಟಗಾರರನ್ನು ಕೈಬಿಟ್ಟಿತೆಂದು ಮುನಿದು, ಸುರೇಶ್ ಚಂದ್ರ ಚೌಧುರಿ ಎಂಬ ಮಹನೀಯರು ಹೊರಬಂದು ಗೆಳೆಯರೊಡನೆ ಕಟ್ಟಿದ ಸಂಘವದು. ಆ ಸಂಘದ ಹುಟ್ಟೇ ಒಂದು ದಲ್‌ಬದಲ್ ಎಂದರೆ ತಪ್ಪಲ್ಲ. 1947ರಲ್ಲಿ ದೇಶ ಒಡೆದಾಗ ಮನೆ, ಹೊಲ, ಕೆರೆಗಳನ್ನು ಬಿಟ್ಟು ಸಿಯಾಲ್ದಾ ನಿಲ್ದಾಣಕ್ಕೆ ಬಂದಿಳಿದ ಲಕ್ಷಾಂತರ ಜನರಿಗೆ ಈ ನಗರದಲ್ಲಿ ತಮ್ಮದೆಂದು ಹೇಳಿಕೊಳ್ಳಲು ಉಳಿದವುಗಳಲ್ಲಿ ಈ ಸಂಘದ ಹೆಸರೂ ಒಂದು. ಕಳೆದುಹೋದ ನಾಡಿನ ಹೆಸರನ್ನು ಅದು ಇನ್ನೂ ಹೊತ್ತಿತ್ತು. ಊರನ್ನೇ ಬಿಡಬೇಕಾಗಿ ಬಂದವನು, ಅಂಗಿಯೊಂದನ್ನು ಬಿಡಲಾಗದೆ ಅದಕ್ಕೆ ಅಂಟಿಕೊಂಡನು. ಹೀಗಿರುವಾಗ, ತಾನು ಹೆಗಲ ಮೇಲೆ ಹೊತ್ತು ಕುಣಿದ ಆಟಗಾರನು ಎದುರಾಳಿಯ ಅಂಗಿ ತೊಡುವನಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಅವನ ಹೊಟ್ಟೆಯಲ್ಲಿ ಆಗುವ ಸಂಕಟವನ್ನು ಬರಿಯ ಆಟದ ಹುಚ್ಚೆಂದು ನಗುವುದು ಸರಿಯಲ್ಲ.

ಗಾಳಿಸುದ್ದಿಗೆ ತನ್ನದೇ ಒಂದು ನಡೆಯುಂಟು. ಮುಂಜಾನೆ ಅದು ಮಣ್ಣಿನ ಕುಡಿಕೆಯಲ್ಲಿ ಹಬೆಯಾಡುವ ಚಹದೊಡನೆ ಹುಟ್ಟುತ್ತದೆ. ಮನೆಯ ಮುಂದಿನ ಜಗಲಿಯಲ್ಲಿ ಕುಳಿತ ಅಡ್ಡೆಯಲ್ಲಿ ಒಬ್ಬನು, “ನಿನ್ನೆ ರಾತ್ರಿ ಅವರ ಮನೆಯ ಮುಂದೆ ಕಾರು ನಿಂತಿತ್ತು” ಎನ್ನುತ್ತಾನೆ. ಅಷ್ಟೇ ಸಾಕು. ಮಧ್ಯಾಹ್ನದ ವೇಳೆಗೆ ಆ ಕಾರಿಗೆ ಬಣ್ಣ ಬಂದಿರುತ್ತದೆ. ಸಂಜೆಗೆ ಅದರೊಳಗೆ ಎದುರಾಳಿ ಸಂಘದ ಕಾರ್ಯದರ್ಶಿಯೇ ಕುಳಿತಿರುತ್ತಾನೆ. ರಾತ್ರಿಯಾಗುವಷ್ಟರಲ್ಲಿ ಮುಂಗಡದ ಹಣವನ್ನು ಎಣಿಸಿಯೂ ಆಗಿರುತ್ತದೆ. ಮರುದಿನ ವಿಚಾರಿಸಿದರೆ ಕಾರು ವೈದ್ಯರದ್ದು, ನೆರೆಮನೆಯ ಅಜ್ಜಿಗೆ ಜ್ವರ! ಸುದ್ದಿ ಸುಳ್ಳಾಯಿತೆಂದು ಯಾರೂ ನಾಚುವುದಿಲ್ಲ. ಸುಳ್ಳಾದುದು ಒಳ್ಳೆಯದಕ್ಕೇ ಆಯಿತೆಂದು ಒಬ್ಬನು, ಇದು ಸುಳ್ಳೆಂದು ನಂಬಿಸುವುದೇ ಅವರ ತಂತ್ರವೆಂದು ಮತ್ತೊಬ್ಬನು. ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಬರುವವನ ಸುದ್ದಿಯನ್ನು ಅಭಿಮಾನಿ ಅರ್ಧ ನಂಬುತ್ತಾನೆ, ಹೋಗುವವನ ಸುದ್ದಿಯನ್ನು ಪೂರ್ತಿ ನಂಬುತ್ತಾನೆ. ಬಂಗಾಳದ ಅಭಿಮಾನಿಗೆ ಆಸೆಗಿಂತ ಭಯದಲ್ಲಿ ಹೆಚ್ಚು ಅನುಭವ.

ಇಷ್ಟೆಲ್ಲ ಸುದ್ದಿಯೂ ಕೊನೆಗೆ ಬಂದು ಸೇರುತ್ತಿದ್ದ ಬೀದಿಯೊಂದುಂಟು. ಧರ್ಮತಲಾ ಮತ್ತು ಚಾಂದನಿ ಚೌಕದ ನಡುವಣ ಇಕ್ಕಟ್ಟಿನ ಸಂದಣಿಯಲ್ಲಿ ಸೂಟರ್ಕಿನ್ ಬೀದಿ. ಹೊಸಬನು ಅದನ್ನು ಹಾದುಹೋದರೂ ಗಮನಿಸಲಾರ. 1893ರಲ್ಲಿ ಸ್ಥಾಪಿತವಾದ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ, ಎಂದರೆ ಐ.ಎಫ್.ಎ.ಯ, ಕಚೇರಿ ಇರುವುದು ಇಲ್ಲಿ. ಹೆಸರಿನಲ್ಲಿ ‘ಇಂಡಿಯನ್’ ಇದ್ದರೂ ಆಡಳಿತ ಬಂಗಾಳಕ್ಕೆ ಮಾತ್ರ. ಅದು ಬೇರೆ ಮಾತು. ಸಂಘ ಬದಲಿಸುವ ಆಟಗಾರನು ಈ ಕಚೇರಿಗೆ ಸ್ವತಃ ಬಂದು ಸಹಿ ಹಾಕಬೇಕಾಗಿತ್ತು. ಸರಿ, ಆ ದಿನಗಳಲ್ಲಿ ಬೀದಿಯ ಎರಡು ಬದಿಗಳಲ್ಲಿ ಎರಡು ಬಣ್ಣದ ಜನ. ಒಂದು ಕಡೆ ಹಸಿರು ಮತ್ತು ಕೆಂಗಂದು, ಮತ್ತೊಂದು ಕಡೆ ಕೆಂಪು ಮತ್ತು ಹೊಂಬಣ್ಣ. ನಡುವೆ ಲಾಠಿ ಹಿಡಿದ ಪೊಲೀಸರು. ಬೀದಿಯ ತುದಿಯಲ್ಲಿ ಕಾರೊಂದು ತಿರುಗಿದರೆ ಸಾವಿರ ಕೊರಳುಗಳು ಒಟ್ಟಿಗೆ ತಿರುಗುತ್ತಿದ್ದವು. ಬಾಗಿಲು ತೆರೆದು ಇಳಿದವನು ಯಾರ ಕಡೆಯವರೊಡನೆ ಇಳಿದನೆಂಬುದರ ಮೇಲೆ ಹೂಮಾಲೆಯೋ ಬೈಗುಳವೋ ನಿರ್ಧಾರವಾಗುತ್ತಿತ್ತು. ಬಂಗಾಳದ ಹೆಸರಾಂತ ಪತ್ರಿಕಾಲಯ ಹತ್ತಿರದಲ್ಲೇ ಇದ್ದುದರಿಂದ ವರದಿಗಾರರಿಗೆ ದೂರ ನಡೆಯುವ ಶ್ರಮವೂ ಇರಲಿಲ್ಲ.

ಸಹಿಯಾದರೂ ಕಥೆ ಮುಗಿಯುತ್ತಿರಲಿಲ್ಲ. ಗಡುವಿನೊಳಗೆ ಸಹಿಯನ್ನು ಹಿಂತೆಗೆದುಕೊಳ್ಳುವ ಅವಕಾಶವಿದ್ದುದರಿಂದ, ಗೆದ್ದ ಸಂಘಕ್ಕೆ ತಾನು ಗೆದ್ದ ನಿಧಿಯನ್ನು ಕಾಯುವ ಕೆಲಸ ಆರಂಭವಾಗುತ್ತಿತ್ತು. ಆಟಗಾರನನ್ನು ಹೋಟೆಲಿನ ಕೋಣೆಯಲ್ಲೋ, ಅಧಿಕಾರಿಯ ನಂಟರ ಮನೆಯಲ್ಲೋ, ಯಾರೂ ಊಹಿಸದ ಊರಿನ ಬಂಗಲೆಯಲ್ಲೋ ಇರಿಸಿ, ಬಾಗಿಲಲ್ಲಿ ಗಟ್ಟಿಮುಟ್ಟಾದ ತರುಣರನ್ನು ನಿಲ್ಲಿಸುತ್ತಿದ್ದರು. ಊಟೋಪಚಾರಕ್ಕೆ ಕೊರತೆಯಿಲ್ಲ, ಹೊರಗೆ ಹೋಗಲು ಮಾತ್ರ ಅಪ್ಪಣೆಯಿಲ್ಲ. ಈಸ್ಟ್ ಬೆಂಗಾಲಿನ ಜೀವನ್ ಚಕ್ರವರ್ತಿ ಮತ್ತು ಪಲ್ಟು ದಾಸ್ ಎಂಬ ಜೋಡಿ ಈ ಕಲೆಯಲ್ಲಿ ಎಷ್ಟು ನಿಪುಣವಾಗಿತ್ತೆಂದರೆ, ‘ಜೀವನ್–ಪಲ್ಟು’ ಎಂಬ ಹೆಸರು ಎದುರಾಳಿಗಳಿಗೆ ನಿದ್ದೆಗೆಡಿಸುವ ಮಂತ್ರವಾಗಿತ್ತು. ಪತ್ತೇದಾರಿ ಕಾದಂಬರಿಯನ್ನು ಓದುವವರಿಗೂ ಇಂಥ ರಸ ದೊರೆಯುವುದು ಅಪರೂಪ. ಆದರೆ ಕೋಣೆಯೊಳಗಿನ ಹುಡುಗನ ವಿಚಾರ ಜಗಲಿಯ ಮಾತಿನಲ್ಲಿ ಬರುತ್ತಿದ್ದುದು ಕಡಮೆ. ಅವನಿಗೆ ಸಂಸಾರವಿದೆ, ಮೊಣಕಾಲಿದೆ. ಆ ಮೊಣಕಾಲು ಹೆಚ್ಚೆಂದರೆ ಹತ್ತು ವರ್ಷ ಬಾಳುವುದು.

ಈ ಬೇಸಗೆಯ ಸುದ್ದಿ ನಮ್ಮ ಬೆಂಗಳೂರನ್ನೂ ಮುಟ್ಟಿದುದುಂಟು. ದಂಡುಪ್ರದೇಶದಲ್ಲಿ ಇಂಗ್ಲಿಷ್ ಸಿಪಾಯಿಗಳನ್ನು ನೋಡಿ ಆಟ ಕಲಿತ ಬೆಂಗಳೂರಿನ ಹುಡುಗರ ಕಾಲಿನ ಸೊಗಸು ಕಲ್ಕತ್ತೆಯವರ ಕಣ್ಣಿಗೆ ಬೇಗ ಬಿದ್ದಿತು. ಮೊಹಮ್ಮೆಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಲೀಗನ್ನು ಗೆದ್ದಾಗ, ದೇಶದ ಮೂಲೆಮೂಲೆಗಳಿಂದ ಹೆಕ್ಕಿ ತಂದ ಅದರ ಆಟಗಾರರಲ್ಲಿ ಬೆಂಗಳೂರಿನವರೂ ಇದ್ದರು. ಬೆಂಗಳೂರೇನೂ ಬರಿದಾಗಲಿಲ್ಲ, ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. ತರುವಾಯ ಈಸ್ಟ್ ಬೆಂಗಾಲಿನ ಜ್ಯೋತಿಷ್ ಚಂದ್ರ ಗುಹ ಅವರು ದಕ್ಷಿಣದ ಕಡೆ ತಿರುಗಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರ ಮುಂಪಡೆ 1949ರಲ್ಲಿ ಲೀಗು, ಷೀಲ್ಡು, ರೋವರ್ಸ್ ಮೂರನ್ನೂ ಗೆದ್ದುಕೊಟ್ಟಿತು. ಜನರು ಅವರನ್ನು ‘ಪಂಚಪಾಂಡವರು’ ಎಂದು ಕರೆದರು. ಇವರಲ್ಲಿ ಅಹಮದ್ ಖಾನ್ ಬೆಂಗಳೂರಿನವರು; 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತಕ್ಕಾಗಿ ಆಡಿದವರು. ಚೆಂಡು ಅವರ ಪಾದಕ್ಕೆ ಕಟ್ಟಿದ ಗೆಜ್ಜೆಯಂತಿರುತ್ತಿತ್ತೆಂದು ನೋಡಿದವರು ಹೇಳುತ್ತಿದ್ದರು. 2017ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಇಲ್ಲಿ ವಿಚಿತ್ರವೊಂದುಂಟು. ಪೂರ್ವಬಂಗಾಳದ ನಿರಾಶ್ರಿತನು ತನ್ನ ಮಾನವನ್ನೆಲ್ಲ ಯಾರ ಕಾಲಿಗೆ ಒಪ್ಪಿಸಿದ್ದನೋ ಆ ಐವರಲ್ಲಿ ಒಬ್ಬರೂ ಬಂಗಾಳಿಗಳಲ್ಲ. ಎಲ್ಲರೂ ತಮ್ಮ ತಮ್ಮ ಊರಿನ ಸಂಘಗಳನ್ನು ಬಿಟ್ಟು ಬಂದವರೇ. ಅವರು ಬಿಟ್ಟು ಬಂದ ಊರಿನಲ್ಲಿಯೂ ಸುದ್ದಿಯನ್ನು ಕೇಳಿ ಚಹ ತಣ್ಣಗಾಗಲು ಬಿಟ್ಟು ಕುಳಿತ ಅಭಿಮಾನಿಗಳು ಇದ್ದಿರಲೇಬೇಕು. ಕಲ್ಕತ್ತೆಯಲ್ಲಿ ಇದನ್ನು ಯೋಚಿಸಿದವರು ಕಡಮೆ. ತನ್ನ ಕಡೆಗೆ ಬರುವವನು ಬುದ್ಧಿವಂತ, ತನ್ನಿಂದ ಹೋಗುವವನು ದ್ರೋಹಿ ಎಂಬುದು ಎಲ್ಲ ಊರಿನ ಗ್ಯಾಲರಿಯ ನ್ಯಾಯ.

ಈ ನ್ಯಾಯದ ಪರೀಕ್ಷೆಗೆ ಶ್ಯಾಮ್ ಥಾಪಾ ಅವರ ವೃತ್ತಾಂತಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. 1975ರ ಸೆಪ್ಟೆಂಬರ್ 30ರಂದು ಐ.ಎಫ್.ಎ. ಷೀಲ್ಡಿನ ಅಂತಿಮ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಮೋಹನ್ ಬಗಾನನ್ನು 5–0ಯಿಂದ ಸೋಲಿಸಿತು. ಆ ಐದರಲ್ಲಿ ಎರಡು ಗೋಲು ಥಾಪಾ ಅವರದು. ಮೋಹನ್ ಬಗಾನಿನ ಮನೆಗಳಲ್ಲಿ ಆ ರಾತ್ರಿ ಒಲೆ ಉರಿಯಲಿಲ್ಲವೆಂದು ಹೇಳುವುದುಂಟು. ಎರಡು ಬೇಸಗೆ ಕಳೆಯಿತು. 1977ರಲ್ಲಿ ಅದೇ ಥಾಪಾ ಮೋಹನ್ ಬಗಾನಿಗೆ ಬಂದರು. ಯಾರ ಹೆಸರನ್ನು ಕೇಳಿ ತುತ್ತು ಇಳಿಯುತ್ತಿರಲಿಲ್ಲವೋ ಅವರಿಗೇ ಈಗ ಹೂಮಾಲೆ. 1978ರ ಲೀಗಿನಲ್ಲಿ ಅವರು ಈಸ್ಟ್ ಬೆಂಗಾಲಿನೆದುರು ಬೆನ್ನನ್ನು ನೆಲಕ್ಕೆ ಮಾಡಿ, ಗಾಳಿಯಲ್ಲಿ ತೇಲಿ, ತಲೆಯ ಮೇಲಿಂದ ಚೆಂಡನ್ನು ಒದ್ದು ಗಳಿಸಿದ ಗೋಲನ್ನು ಕಲ್ಕತ್ತೆ ಇಂದಿಗೂ ಬಾಯಿಪಾಠದಂತೆ ಒಪ್ಪಿಸುತ್ತದೆ. ಮೂರು ವರ್ಷಗಳಲ್ಲಿ ಒಂದೇ ಜೋಡಿ ಕಾಲು ಎರಡು ಕಡೆಯವರನ್ನೂ ಅಳಿಸಿತು, ಎರಡು ಕಡೆಯವರನ್ನೂ ಕುಣಿಸಿತು. ಹೈದರಾಬಾದಿನ ಮೊಹಮ್ಮದ್ ಹಬೀಬ್ ಅವರಂತೂ ಮೂರು ಸಂಘಗಳ ನಡುವೆ ಹಲವು ಬಾರಿ ಹೋಗಿ ಬಂದರು. ಯಾವ ಅಂಗಿ ತೊಟ್ಟರೂ ಅದಕ್ಕಾಗಿ ಕೊನೆಯ ನಿಮಿಷದವರೆಗೂ ಜೀವಬಿಟ್ಟು ಆಡುತ್ತಿದ್ದುದರಿಂದ ಮೂರು ಕಡೆಯವರೂ ಅವರನ್ನು ‘ಬಡೇ ಮಿಯಾ’ ಎಂದೇ ಗೌರವಿಸಿದರು. 2023ರ ಆಗಸ್ಟ್ 15ರಂದು ಅವರು ತೀರಿಕೊಂಡಾಗ ಯಾವ ಸಂಘದ ಬಾವುಟ ಹೊದಿಸಬೇಕೆಂದು ಯಾರೇ ಆದರೂ ತಬ್ಬಿಬ್ಬಾಗುತ್ತಿದ್ದರು.

ಎಲ್ಲ ಬೇಸಗೆಗಳೂ ಹೀಗೆ ನಗೆಯಲ್ಲಿ ಮುಗಿಯಲಿಲ್ಲ. 1980ರ ಬೇಸಗೆಯಲ್ಲಿ ಸುರಜಿತ್ ಸೇನ್‌ಗುಪ್ತ ಮೊದಲಾದ ಪ್ರಮುಖ ಆಟಗಾರರು ಒಟ್ಟಾಗಿ ಈಸ್ಟ್ ಬೆಂಗಾಲನ್ನು ಬಿಟ್ಟು ಮೊಹಮ್ಮೆಡನ್ ಸ್ಪೋರ್ಟಿಂಗಿಗೆ ಹೊರಟುಹೋದರು. ಒಬ್ಬನು ಹೋಗುವನೆಂದು ಹೆದರುತ್ತಿದ್ದವರಿಗೆ ಮನೆಯೇ ಖಾಲಿಯಾದ ಅನುಭವ. ತಂಡ ಕಟ್ಟಲು ಜನರಿಲ್ಲದೆ ತರಬೇತುದಾರ ಪಿ.ಕೆ. ಬ್ಯಾನರ್ಜಿಯವರು ಹೊಸಬರನ್ನು ಕೂಡಿಹಾಕಿದರು. ಆಗ ಅಲಿಗಢ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇರಾನಿನ ತರುಣರು ಬಂದರು: ಮಜೀದ್ ಬಿಷ್ಕರ್, ಜಮ್ಷೀದ್ ನಸ್ಸೀರಿ. ಮಜೀದರ ಆಟವನ್ನು ಕಂಡು ಗ್ಯಾಲರಿ ಹೋದವರನ್ನು ಮರೆಯಿತು. ಆ ವರ್ಷವೇ ಫೆಡರೇಷನ್ ಕಪ್ಪಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಜಂಟಿಯಾಗಿ ವಿಜೇತರಾದವು. ಆದರೆ ಅದೇ ಋತುವಿನ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಇವೆರಡೂ ಎದುರಾದಾಗ ಗ್ಯಾಲರಿಯಲ್ಲಿ ಗಲಭೆಯೆದ್ದು ನೂಕುನುಗ್ಗಲಿನಲ್ಲಿ 16 ಮಂದಿ ಅಭಿಮಾನಿಗಳು ಸತ್ತರು. ಪಂದ್ಯಕ್ಕೆಂದು ಹೋದವರು ಮನೆಗೆ ಹಿಂದಿರುಗಲಿಲ್ಲ. ಆ ದಿನವನ್ನು ಬಂಗಾಳದಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸಿ ರಕ್ತದಾನ ಮಾಡುವ ಪದ್ಧತಿ ಬಂದಿದೆ. ಅಂದಿನ ಸಾವುಗಳಿಗೆ ಕಾರಣಗಳು ಹಲವು. ಗ್ಯಾಲರಿಯ ಪ್ರೀತಿ ಬಿಸಿಯೇರಿದರೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ಮಾತ್ರ ನಗರ ಅಂದು ಕಣ್ಣಾರೆ ಕಂಡಿತು.

ಹೋಗದೆ ಉಳಿದವರ ಕಥೆಗೆ ಅಡ್ಡೆಯಲ್ಲಿ ಬೇರೆಯೇ ಸ್ವರ. ಚುನಿ ಗೋಸ್ವಾಮಿಯವರು 1954ರಿಂದ 1968ರವರೆಗೂ ಮೋಹನ್ ಬಗಾನಿನಲ್ಲಿಯೇ ಆಡಿದರು. ಎದುರಾಳಿಗಳು ಹೊಚ್ಚಹೊಸ ಫಿಯೆಟ್ ಕಾರನ್ನು ಆಸೆ ತೋರಿಸಿದರೂ ಕದಲಲಿಲ್ಲವೆಂಬ ಕಥೆಯನ್ನು ಮುದುಕರು ಮೊಮ್ಮಕ್ಕಳಿಗೆ ಹೇಳುತ್ತಾರೆ. ಸುಬ್ರತ ಭಟ್ಟಾಚಾರ್ಯ 1974ರಿಂದ 17 ವರ್ಷ ಅದೇ ಸಂಘದ ರಕ್ಷಣೆಯ ಗೋಡೆಯಾಗಿ ನಿಂತರು. ಪಿ.ಕೆ. ಬ್ಯಾನರ್ಜಿಯವರದು ಇನ್ನೂ ವಿಶೇಷ. ಅವರು ಆಟಗಾರರಾಗಿ ಮೂರು ದೊಡ್ಡ ಸಂಘಗಳ ಪೈಕಿ ಒಂದಕ್ಕೂ ಸೇರದೆ ಈಸ್ಟರ್ನ್ ರೈಲ್ವೆಯಲ್ಲಿಯೇ ಉಳಿದರು. 1958ರಲ್ಲಿ ಅದಕ್ಕೆ ಲೀಗನ್ನೂ ಗೆದ್ದುಕೊಟ್ಟರು. ಈ ಮೂರರ ಹೊರಗಿನ ಸಂಘವೊಂದು ಮತ್ತೆ ಲೀಗನ್ನು ಗೆಲ್ಲಲು 2019ರವರೆಗೆ, ಪೀರ್‌ಲೆಸ್ ತಂಡದವರೆಗೆ, ಕಾಯಬೇಕಾಯಿತು. ರೈಲ್ವೆಯ ನೌಕರಿ ಎಂದರೆ ಆಗ ಸಾಮಾನ್ಯವೆ? ಆಟ ಮುಗಿದ ಮೇಲೂ ಮನೆಯ ಒಲೆ ಉರಿಯುವ ಭರವಸೆ ಅದು. ನಿಷ್ಠೆಯ ಕಥೆಗಳನ್ನು ಹೇಳುವಾಗ ಇದನ್ನೂ ಒಂದು ಮಾತು ಸೇರಿಸುವುದು ನ್ಯಾಯ.

ಗಾಳಿಸುದ್ದಿಯ ಕಾಲಕ್ಕೆ ಮಂಗಳ ಹಾಡುತ್ತಿದ್ದುದು ಬಂಗಾಳಿಗಳ ಹೊಸ ವರ್ಷದ ದಿನ. ಏಪ್ರಿಲ್ ನಡುವೆ ಬರುವ ಬೈಶಾಖದ ಮೊದಲ ಬೆಳಗ್ಗೆ ಮೈದಾನದ ಸಂಘಗಳಲ್ಲಿ ‘ಬಾರ್ ಪೂಜೆ’ ನಡೆಯುತ್ತದೆ. ಗೋಲಿನ ಕಂಬಕ್ಕೆ ಹೂವು, ಕುಂಕುಮ, ಪುರೋಹಿತರ ಮಂತ್ರ, ನಾಯಕನ ಸಂಕಲ್ಪ. ನಮ್ಮಲ್ಲಿ ಆಯುಧಪೂಜೆಯ ದಿನ ಬಸ್ಸಿಗೂ ಮಗ್ಗಕ್ಕೂ ಅರಿಸಿನ ಹಚ್ಚುವವರಿಗೆ ಇದು ಅಚ್ಚರಿಯಲ್ಲ. ಜನರ ಕಣ್ಣು ಮಾತ್ರ ದೇವರ ಮೇಲಿರುವುದಿಲ್ಲ. ಪೂಜೆಗೆ ಯಾರು ಬಂದರು, ಯಾರು ಬರಲಿಲ್ಲವೆಂದು ತಲೆಯೆಣಿಸುತ್ತಾರೆ. ಪ್ರಸಾದದ ಸಿಹಿ ಕೈಯಲ್ಲಿರುವಾಗಲೇ ಮುಂದಿನ ಸುದ್ದಿ ಬಾಯಿಗೆ ಬಂದಿರುತ್ತದೆ.

ಈಗ ದಲ್‌ಬದಲಿನ ರೀತಿ ಬೇರೆಯಾಗಿದೆ. 2020ರಿಂದ ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎರಡೂ ಇಂಡಿಯನ್ ಸೂಪರ್ ಲೀಗಿಗೆ ಸೇರಿದವು; ಹಲವು ವರ್ಷಗಳ ಕರಾರು, ದಲ್ಲಾಳಿ, ವಕೀಲ, ಕಂಪ್ಯೂಟರಿನ ನೋಂದಣಿ ಬಂದಿವೆ. ಸೂಟರ್ಕಿನ್ ಬೀದಿಯಲ್ಲಿ ಸಹಿಗಾಗಿ ಸಾವಿರ ಜನ ಕಾಯುವ ಅಗತ್ಯವಿಲ್ಲ. 2022ರಲ್ಲಿ ಮೋಹನ್ ಬಗಾನಿನ ಕಣ್ಮಣಿಯಾಗಿದ್ದ ಫಿಜಿ ದ್ವೀಪದ ರಾಯ್ ಕೃಷ್ಣ ಬೆಂಗಳೂರು ಎಫ್.ಸಿ.ಗೆ ಬಂದಾಗ, ಕಲ್ಕತ್ತೆಯ ನಿಟ್ಟುಸಿರು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಚಪ್ಪಾಳೆಯಾಯಿತು. ಪಂಚಪಾಂಡವರ ಕಾಲದ ಸಾಲ ಇಷ್ಟಾದರೂ ತೀರಿತೆನ್ನಬೇಕು. 2024ರ ಬೇಸಗೆಯಲ್ಲಿ ರಕ್ಷಣೆಯ ಆಟಗಾರ ಅನ್ವರ್ ಅಲಿ ಅವರು ಮೋಹನ್ ಬಗಾನನ್ನು ಬಿಟ್ಟು ಈಸ್ಟ್ ಬೆಂಗಾಲಿಗೆ ಹೋದ ಪ್ರಸಂಗ ಅಖಿಲ ಭಾರತ ಫೆಡರೇಷನ್ನಿನ ಸಮಿತಿಯ ಮುಂದೆ ನಿಂತು, ಅಲ್ಲಿಂದ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಹಿಂದೆ ಗಟ್ಟಿಮುಟ್ಟಾದ ತರುಣರು ನಿಲ್ಲುತ್ತಿದ್ದ ಬಾಗಿಲಲ್ಲಿ ಈಗ ಕಪ್ಪು ಕೋಟಿನವರು. ಜಗಲಿಯಲ್ಲಿ ಕೂತವನ ಕೈಯಲ್ಲಿ ದೂರವಾಣಿಯಿದೆ. ಸುದ್ದಿ ಸಂಜೆಯವರೆಗೂ ಬೆಳೆಯಲು ಕಾಯುವುದಿಲ್ಲ, ಹುಟ್ಟುವಾಗಲೇ ದೊಡ್ಡದಾಗಿ ಹುಟ್ಟುತ್ತದೆ. ಆದರೂ ಅದನ್ನು ಓದಿದವನು ಪಕ್ಕದವನ ಕಡೆಗೆ ತಿರುಗಿ, “ನಿಜವೇನೋ?” ಎಂದು ಕೇಳುವ ದನಿಯಲ್ಲಿ ವ್ಯತ್ಯಾಸವಾಗಿಲ್ಲ.

ಬಿಟ್ಟುಹೋದವರ ಲೆಕ್ಕವನ್ನು ಮೈದಾನ ಎಷ್ಟು ಕಾಲ ಇಟ್ಟುಕೊಳ್ಳುತ್ತದೆಂಬುದಕ್ಕೆ ಒಂದು ಸಂಗತಿಯುಂಟು. 1980ರಲ್ಲಿ ಈಸ್ಟ್ ಬೆಂಗಾಲಿನ ಮಾನ ಕಾಪಾಡಿದ ಮಜೀದ್ ಬಿಷ್ಕರರೂ ಎರಡು ವರ್ಷಗಳ ತರುವಾಯ, 1982ರಲ್ಲಿ, ಮೊಹಮ್ಮೆಡನ್ ಸ್ಪೋರ್ಟಿಂಗಿಗೆ ಹೊರಟುಹೋದವರೇ. ಆಮೇಲೆ ಅವರ ಆಟವೂ ಬದುಕೂ ಹದಗೆಟ್ಟು, ಇರಾನಿಗೆ ಹಿಂದಿರುಗಿ, ದಶಕಗಳ ಕಾಲ ಮೌನವಾಗಿದ್ದರು. 2019ರ ಆಗಸ್ಟಿನಲ್ಲಿ ಈಸ್ಟ್ ಬೆಂಗಾಲಿನ ಶತಮಾನೋತ್ಸವಕ್ಕೆಂದು ಅವರನ್ನು ಕರೆಸಿದರು. ವಿಮಾನ ಇಳಿದಾಗ ನಡುರಾತ್ರಿ ಕಳೆದಿತ್ತು. ನಿಲ್ದಾಣದ ಹೊರಗೆ ಕೆಂಪು ಮತ್ತು ಹೊಂಬಣ್ಣದ ಬಾವುಟಗಳನ್ನು ಹಿಡಿದು ನೂರಾರು ಜನ ಕಾದಿದ್ದರು. ಅವರಲ್ಲಿ ಅನೇಕರು ಮಜೀದರು ಆಡುತ್ತಿದ್ದಾಗ ಇನ್ನೂ ಹುಟ್ಟಿಯೇ ಇರಲಿಲ್ಲ.